ಮುಂದೆ ಓಡುವವನ ಬೆನ್ನು

ನಾನು ಎದುರಿಗೆ ಬಂದು ನಿಂತರೆ ನಮ್ಮಣ್ಣನಿಗೆ ನನ್ನ ಮುಖ ಕಾಣುವುದಿಲ್ಲ. ಕಿವಿ ಕಾಣುತ್ತದೆ, ಭುಜ ಕಾಣುತ್ತದೆ, ಹಿಂದಿನ ಗೋಡೆಯ ಕ್ಯಾಲೆಂಡರ್ ಕೂಡ ಕಾಣುತ್ತದೆ. ನಡುವೆ ಮುಖ ಇರಬೇಕಾದಲ್ಲಿ ಮಾತ್ರ ಒಂದು ಮಸುಕು. "ಉದ್ದಿನವಡಿ ಕಾಣ್ತದಪಾ, ತೂತಿನ್ಯಾಗ ಏನೈತಿ ಅದಷ್ಟ ಕಾಣಂಗಿಲ್ಲ" ಅಂತಾನೆ. ಅಕ್ಷಿಪಟಲದ ನಡುಭಾಗ ಸವೆದು ಹೋಗಿದೆ, ಕನ್ನಡಕದಿಂದ ಸರಿಹೋಗುವಂಥದ್ದಲ್ಲ ಎಂದು ಡಾಕ್ಟರು ಹೇಳಿ ನಾಲ್ಕು ವರ್ಷವಾಯಿತು. ಅತ್ತಿಗೆ ತೀರಿಕೊಂಡ ಮೇಲೆ ಹುಬ್ಬಳ್ಳಿಯ ಮನೆಗೆ ಬೀಗ ಹಾಕಿಸಿ ಡೊಂಬಿವಲಿಗೆ, ನಮ್ಮಲ್ಲಿಗೆ ಕರೆದುಕೊಂಡು ಬಂದೆ.

ಹೋದ ತಿಂಗಳು ನಮ್ಮಿಬ್ಬರ ನಡುವೆ ಸಣ್ಣದೊಂದು ಯುದ್ಧವೇ ಆಯಿತು. ಆತ ಹುಬ್ಬಳ್ಳಿಗೆ ಒಬ್ಬನೇ ಹೋಗಿ ಬರುತ್ತೇನೆಂದು ಪಕ್ಕದ ಮನೆ ಹುಡುಗನ ಕೈಲಿ ಟಿಕೆಟ್ ಮಾಡಿಸಿದ್ದ. ನಾನು ಆತನಿಗೆ ಹೇಳದೆ ಕ್ಯಾನ್ಸಲ್ ಮಾಡಿದೆ. ಕಾರಣಗಳೆಲ್ಲ ಸರಿಯಾಗೇ ಇದ್ದವು. ಕಲ್ಯಾಣ ಸ್ಟೇಷನ್ನಿನ ನೂಕುನುಗ್ಗಲು ನಿಮಗೆ ಗೊತ್ತಲ್ಲ, ಕಣ್ಣಿದ್ದವರಿಗೇ ಅಲ್ಲಿ ದಿಕ್ಕು ತಪ್ಪುತ್ತದೆ. ಅಣ್ಣ ಜಗಳ ಆಡಲಿಲ್ಲ. ಮಾತು ಬಿಟ್ಟ, ಅಷ್ಟೇ. ಅದಕ್ಕಿಂತ ಜಗಳವೇ ವಾಸಿ.

ಇಂಥ ಹೊತ್ತಿನಲ್ಲಿ ನನ್ನ ಮಗ ಮೊಬೈಲಿನಲ್ಲಿ ಒಂದು ಹಳೆಯ ಸ್ಕೀ ಸ್ಪರ್ಧೆಯ ವಿಡಿಯೋ ಹಚ್ಚಿಕೊಂಡು ದೊಡ್ಡಪ್ಪನ ಪಕ್ಕ ಕೂತ. ಹಿಮ ಅಂದರೆ ಜುಹು ಬೀಚಿನ ಐಸ್ ಗೋಲಾ ಅಂತ ತಿಳಿದ ಕುಟುಂಬ ನಮ್ಮದು. ಆದರೂ ನಾನೂ ಪೇಪರ್ ಮರೆಯಿಂದ ಕಿವಿ ಕೊಟ್ಟೆ. ಕೆನಡಾದ ಬ್ರಯಾನ್ ಮೆಕೀವರ್ ಅನ್ನುವವನ ಓಟ. ಆಮೇಲೆ ಒಂದು ವಾರ ಅವನ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ.

ಬ್ರಯಾನ್ ಹುಟ್ಟಿದ್ದು 1979ರಲ್ಲಿ, ಕ್ಯಾಲ್ಗರಿಯಲ್ಲಿ. ಹತ್ತೊಂಬತ್ತರ ಹೊತ್ತಿಗೆ ಕಣ್ಣು ಮಂಜಾಗತೊಡಗಿತು. ಸ್ಟಾರ್ಗಾರ್ಡ್ ಎನ್ನುವ ಅನುವಂಶೀಯ ಕಾಯಿಲೆ. ಅಣ್ಣನದು ವಯಸ್ಸಿಗೆ ಬಂದದ್ದು, ಅವನದು ಹರೆಯದಲ್ಲೇ ಬಂದದ್ದು. ಆದರೆ ವಡೆಯ ತೂತು ಮಾತ್ರ ಅದೇ. ಅವನ ಅಣ್ಣ ರಾಬಿನ್ 1998ರ ನಾಗಾನೊ ಒಲಿಂಪಿಕ್ಸಿನಲ್ಲಿ ಕೆನಡಾ ಪರವಾಗಿ ಸ್ಕೀ ಮಾಡಿದವನು. ನಾಲ್ಕು ವರ್ಷದ ನಂತರ, 2002ರ ಸಾಲ್ಟ್ ಲೇಕ್ ಸಿಟಿ ಪ್ಯಾರಾಲಿಂಪಿಕ್ಸಿನಲ್ಲಿ, ಅದೇ ರಾಬಿನ್ ತಮ್ಮನ ಮುಂದೆ ದಾರಿಕಾರನಾಗಿ ಓಡಿದ.

ಈ ಸ್ಕೀಯಿಂಗಿನಲ್ಲಿ ಎರಡು ಬಗೆ. ಆಲ್ಪೈನ್ ಅಂದರೆ ಬೆಟ್ಟದ ಮೇಲಿಂದ ಕೆಳಕ್ಕೆ ಜಾರುವುದು. ಕಾಲಿಗೆ ಶಕ್ತಿಯಿಲ್ಲದವರು ಒಂದೇ ಸ್ಕೀ ಮೇಲೆ ಕೂರಿಸಿದ ಕುರ್ಚಿಯಲ್ಲಿ ಕೂತು, ಎರಡೂ ಕೈಯಲ್ಲಿ ತುದಿಗೆ ಪುಟ್ಟ ಸ್ಕೀ ಇರುವ ಊರುಗೋಲು ಹಿಡಿದು ಗಂಟೆಗೆ ನೂರು ಕಿಲೋಮೀಟರು ದಾಟಿ ಇಳಿಯುತ್ತಾರೆ. ನೋಡಿದರೆ ನಮ್ಮ ಎದೆ ಝಲ್ಲೆನ್ನುತ್ತದೆ. ನಾರ್ಡಿಕ್ ಅಂದರೆ ಏರು, ತಗ್ಗು, ಸಮತಟ್ಟು ಎಲ್ಲ ಕಡೆ ಸ್ವಂತ ಬಲದಿಂದ ಸಾಗುವ ದೂರದ ಓಟ. ಅದರಲ್ಲೇ ಬಂದೂಕಿನ ಸ್ಪರ್ಧೆಯೂ ಇದೆ. ಕಣ್ಣು ಕಾಣದವರು ಹತ್ತು ಮೀಟರ್ ದೂರದ ಗುರಿಯನ್ನು ಕಿವಿಯಿಂದ ಹಿಡಿಯುತ್ತಾರೆ; ಗುರಿಯ ನಡುವಿಗೆ ಹತ್ತಿರವಾದಷ್ಟೂ ಹೆಡ್‌ಫೋನಿನ ಸ್ವರ ಏರುತ್ತದೆ. ಇದನ್ನು ಕೇಳಿ ಅಣ್ಣ ಮೊದಲ ಸಲ ಬಾಯಿ ಬಿಟ್ಟ. "ತಂಬೂರಿ ಶ್ರುತಿ ಮಾಡಿದಂಗ ಆತಲ್ಲೋ!" ಹೇಳಿದ್ದು ನನಗಲ್ಲ, ನನ್ನ ಮಗನಿಗೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ದಾರಿಕಾರನ ಕೆಲಸ. ಅವನು ಕೈ ಹಿಡಿದು ಎಳೆದುಕೊಂಡು ಹೋಗುವುದಿಲ್ಲ. ಮುಂದೆ ಓಡುತ್ತಾನೆ, ಓಡುತ್ತಲೇ ಹೇಳುತ್ತಾನೆ: ಎಡಕ್ಕೆ ತಿರುವು, ಮುಂದೆ ಇಳಿಜಾರು, ಇಲ್ಲಿ ಹಿಮ ಗಟ್ಟಿಯಾಗಿದೆ. ಕೆಲವರು ಸೊಂಟಕ್ಕೆ ಸ್ಪೀಕರ್ ಕಟ್ಟಿಕೊಂಡಿರುತ್ತಾರೆ. ಪೂರ್ತಿ ಕಾಣದವರ ವರ್ಗದಲ್ಲಿ ದಾರಿಕಾರ ಇರಲೇಬೇಕು. ಬ್ರಯಾನನಂತೆ ಸ್ವಲ್ಪ ನೋಟ ಉಳಿದವರಿಗೆ ಅದು ಅವರ ಇಷ್ಟ. ಪದಕ ಬಂದರೆ ಇಬ್ಬರಿಗೂ. ಆದರೆ ಒಂದು ತೊಡಕಿದೆ ನೋಡಿ. ದಾರಿ ತೋರಿಸುವವನು ಸ್ಪರ್ಧಿಗಿಂತ ವೇಗವಾಗಿ ಓಡಬಲ್ಲವನಾಗಿರಬೇಕು, ಮೇಲಿಂದ ಮಾತಾಡಲು ಉಸಿರೂ ಉಳಿದಿರಬೇಕು. ರಾಬಿನ್ ಆರು ವರ್ಷ ದೊಡ್ಡವನು. 2010ರ ವ್ಯಾಂಕೂವರ್ ತನಕ ತಮ್ಮನ ಮುಂದೆ ಓಡಿದ. ಆಮೇಲೆ ಆ ಜಾಗಕ್ಕೆ ಬೇರೆಯವರು ಬಂದರು, ಉದ್ದದ ಓಟವಾದರೆ ನಡುದಾರಿಯಲ್ಲಿ ಒಬ್ಬರಿಗೊಬ್ಬರು ಬದಲಾಗುತ್ತಿದ್ದರು. ರಾಬಿನ್ ಕೋಚ್ ಆದ. ಸಹಾಯ ಮಾಡುವವನೇ ಹಿಂದೆ ಬೀಳುವ ಸಾಧ್ಯತೆ ನನ್ನ ತಲೆಗೆ ಯಾವತ್ತೂ ಬಂದಿರಲಿಲ್ಲ. ನನಗೂ ಈಗ ಐವತ್ತೆಂಟು, ಮಂಡಿ ನೋವು ಬೇರೆ.

ಇನ್ನು 2010ರ ಕಥೆ. ಬ್ರಯಾನ್ ಕಣ್ಣಿದ್ದವರ ಜೊತೆಗೂ ಸ್ಪರ್ಧಿಸುತ್ತಿದ್ದ; 2007ರಲ್ಲಿ ಜಪಾನಿನ ಸಪ್ಪೊರೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ಪಿನ 15 ಕಿಲೋಮೀಟರ್ ಓಟದಲ್ಲಿ 21ನೆಯವನಾಗಿ ಬಂದಿದ್ದ. 2009ರ ಡಿಸೆಂಬರಿನಲ್ಲಿ ಕ್ಯಾನ್ಮೋರಿನ 50 ಕಿಲೋಮೀಟರ್ ಓಟ ಗೆದ್ದು, ಒಲಿಂಪಿಕ್ಸ್ ತಂಡಕ್ಕೂ ಆಯ್ಕೆಯಾದ. ಚಳಿಗಾಲದ ಒಲಿಂಪಿಕ್ಸ್, ಪ್ಯಾರಾಲಿಂಪಿಕ್ಸ್ ಎರಡೂ ತಂಡಗಳಲ್ಲಿ ಹೆಸರು ಬಂದ ಮೊದಲಿಗ ಅವನೇ. ಅದೂ ತನ್ನದೇ ದೇಶದಲ್ಲಿ ನಡೆಯುವ ಕೂಟಕ್ಕೆ. ಅವನು ಓಡಬೇಕಿದ್ದದ್ದು ಒಂದೇ ಸ್ಪರ್ಧೆ, ಫೆಬ್ರವರಿ 28ರ 50 ಕಿಲೋಮೀಟರು. ಕೆನಡಾಗೆ ಇದ್ದದ್ದು ನಾಲ್ಕು ಜಾಗ. ಹಿಂದಿನ ದಿನ ತಿಳಿಸಿದರು: ನಿನಗೆ ಇಲ್ಲ. ಉಳಿದ ನಾಲ್ವರು ಆ ಕೂಟದಲ್ಲಿ ಒಳ್ಳೆಯ ಲಯದಲ್ಲಿದ್ದರು, ಅವರನ್ನೇ ಇಳಿಸಿದರು.

ತಪ್ಪು ಅಂತ ಹೇಳಲೂ ಬರುವುದಿಲ್ಲ. ಆ ನಾಲ್ವರಲ್ಲಿ ಡೆವನ್ ಕರ್ಶಾ ಐದನೆಯವನಾಗಿ ಬಂದ. ಎರಡು ಗಂಟೆಗೂ ಮೀರಿದ ಓಟದಲ್ಲಿ ಗೆದ್ದವನಿಗಿಂತ ಹಿಂದಿದ್ದದ್ದು 1.6 ಸೆಕೆಂಡ್. ಲೆಕ್ಕ ಹಾಕಿದವರ ಲೆಕ್ಕ ಸರಿಯಾಗೇ ಇತ್ತು.

ಅದನ್ನು ಓದುವಾಗ ಕ್ಯಾನ್ಸಲ್ ಮಾಡಿದ ಟಿಕೆಟ್ಟು ನೆನಪಾಯಿತು. ನನ್ನ ಲೆಕ್ಕವೂ ಸರಿಯಾಗಿತ್ತಲ್ಲವೇ? ಅಲ್ಲಿ ಕೊನೆಗೆ ಎದುರಿಗೆ ಕೂರಿಸಿಕೊಂಡು ಹೇಳಿದರು. ನಾನು ಅದನ್ನೂ ಮಾಡಿರಲಿಲ್ಲ.

ಎರಡು ವಾರದ ನಂತರ ಅದೇ ವ್ಯಾಂಕೂವರಿನ ಪ್ಯಾರಾಲಿಂಪಿಕ್ಸಿನಲ್ಲಿ ಬ್ರಯಾನ್ ಮೂರು ಚಿನ್ನ ಗೆದ್ದ, ಮುಂದೆ ರಾಬಿನ್ ಇದ್ದ. 2014ರ ಸೋಚಿಯಲ್ಲಿ ಒಂದು ಕಿಲೋಮೀಟರ್ ಓಟದ ಶುರುವಿನಲ್ಲೇ ಬಿದ್ದು, ಎದ್ದು, ಆಮೇಲೂ ಗೆದ್ದ (ಮಗ ಹಚ್ಚಿದ್ದು ಈ ವಿಡಿಯೋ). 2022ರ ಬೀಜಿಂಗಿನಲ್ಲಿ ನಲವತ್ತೆರಡನೇ ವಯಸ್ಸಿಗೆ ಇನ್ನೂ ಮೂರು. ಆರು ಕೂಟಗಳಲ್ಲಿ ಹದಿನಾರು ಚಿನ್ನ. ಚಳಿಗಾಲದ ಪ್ಯಾರಾಲಿಂಪಿಕ್ಸಿನಲ್ಲಿ ಅಷ್ಟು ಚಿನ್ನ ಗೆದ್ದ ಗಂಡಸು ಆ ತನಕ ಇನ್ನೊಬ್ಬನೇ, ಜರ್ಮನಿಯ ಆಲ್ಪೈನ್ ಸ್ಕೀಗಾರ ಗೆರ್ಡ್ ಶೋನ್‌ಫೆಲ್ಡರ್. ಆದರೆ ಒಲಿಂಪಿಕ್ಸಿನ ಆ ಒಂದು ಓಟ ಅವನಿಗೆ ಸಿಗಲೇ ಇಲ್ಲ.

ಆ ಭಾನುವಾರ ಅಣ್ಣನ ಹತ್ತಿರ ಹೋಗಿ, "ಅಣ್ಣಾ, ಟಿಕೆಟ್ ಮತ್ತ ಮಾಡಸೋಣು. ಕಲ್ಯಾಣದ ತನಕ ನಾ ಬರ್ತೀನಿ, ಗಾಡಿ ಹತ್ತಿದ ಮ್ಯಾಲ ನಿನ್ನ ಪಾಡು" ಅಂದೆ. ಸ್ವಲ್ಪ ಹೊತ್ತು ಗೋಡೆ ನೋಡಿದ. ಅಂದರೆ ನನ್ನನ್ನು ನೋಡಿದ. ಓರೆಗಣ್ಣಿನಲ್ಲೇ ಆತನಿಗೆ ಕಾಣುವುದು. "ರಟ್ಟಿ ಹಿಡಿಬ್ಯಾಡ ಮತ್ತ" ಅಂದ.

ಹಿಡಿಯಲಿಲ್ಲ. ಹೊರಟ ದಿನ ಡೊಂಬಿವಲಿ ಸ್ಟೇಷನ್ನಿನ ಸೇತುವೆ ಮೇಲೆ ನಾನು ಎರಡು ಹೆಜ್ಜೆ ಮುಂದೆ, ಕೆಂಪು ಅಂಗಿ ಹಾಕಿಕೊಂಡು. ಅದು ಅಣ್ಣನದೇ ಸೂಚನೆ, ಕೆಂಪು ಚೆನ್ನಾಗಿ ಕಾಣುತ್ತದಂತೆ. ಮೆಟ್ಟಿಲು ಬಂತು, ಎಡಕ್ಕೆ ಬುಟ್ಟಿ ಇಟ್ಟಿದ್ದಾರೆ, ಮೂರು ಮೆಟ್ಟಿಲಾದ ಮೇಲೆ ತಿರುವು ಅಂತ ಒದರುತ್ತಾ ಹೋದೆ. ಜನ ನನ್ನನ್ನು ಹುಚ್ಚ ಅಂದುಕೊಂಡಿರಬೇಕು. ಅರ್ಧ ಸೇತುವೆಗೆ ನನಗೆ ಏದುಸಿರು. ಹಿಂದಿನಿಂದ ಅಣ್ಣನ ದನಿ ಬಂತು:

"ಜರಾ ಜೋರ್ ನಡಿಯೋ ತಮ್ಮಾ, ಅಡ್ಡ ಬರಾಕತ್ತೀ."