ನಂಬಿದೆ, ಆದರೆ ಕೇಳಲಿಲ್ಲ

ತಮ್ಮ ಹೇಳಿದ್ದನ್ನು ನಾನು ಆ ಕ್ಷಣವೇ ನಂಬಿದೆ. ಆದರೂ ಅವನು ನನ್ನ ಜೊತೆ ಮಾತು ಬಿಟ್ಟ. ಬಿಟ್ಟಿದ್ದು ಸರಿಯಾಗಿಯೇ ಇತ್ತು.

ಮಗಳ ಮದುವೆಗೆ ಕರೆಯುವವರ ಪಟ್ಟಿ ಬರೆಯುತ್ತಿದ್ದೆವು. ಊರಿನ ಕಾಕಾನ ಹೆಸರು ಬಂದಾಗ ಅವನು ಪೆನ್ನಿಗೆ ಕ್ಯಾಪು ಹಾಕಿ ಪಕ್ಕಕ್ಕಿಟ್ಟ. "ಅಕ್ಕಾ, ಅಂವ ಬರ್ತಾನಂದ್ರ ನಾ ಬರಂಗಿಲ್ಲ." ಬಿಡದೆ ಕೇಳಿದೆ. ಸೂಟಿಗೆ ಊರಿಗೆ ಹೋದಾಗಲೆಲ್ಲ ಅಟ್ಟದ ಮೇಲೆ ನಡೆಯುತ್ತಿದ್ದದ್ದನ್ನು ಹೇಳಿದ. ಅಳಲಿಲ್ಲ. ಸಂತೆಯ ಖರ್ಚು ಒಪ್ಪಿಸಿದಂತೆ ಒಂದೊಂದೇ ಹೇಳಿ, "ಯಾರಿಗೂ ಹೇಳಬ್ಯಾಡ, ನಿನಗಷ್ಟ ಇರಲಿ" ಅಂದ.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವನು ಬಸ್ಸು ಹತ್ತುವಷ್ಟರಲ್ಲಿ ಕಾಕಾಗೆ ಫೋನ್ ಹಚ್ಚಿ ಬಾಯಿಗೆ ಬಂದಂತೆ ಬೈದೆ. ಅವ್ವನಿಗೆ ಹೇಳಿದೆ. ಬೆಳಗಾಗುವುದರೊಳಗೆ ಮನೆತನಕ್ಕೆಲ್ಲ ಗೊತ್ತಾಗಿತ್ತು. ಕಾಕಾ, "ಆಸ್ತಿ ಸಲುವಾಗಿ ನಾಟಕ" ಅಂದ. ಸೋದರತ್ತೆ ತಮ್ಮನಿಗೇ ಫೋನ್ ಮಾಡಿ, "ಗಂಡಸಾಗಿ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಯಾಕ ಕುಂತಿದ್ದಿ?" ಎಂದು ಕೇಳಿದಳು. ಅವ್ವ ಅತ್ತೂ ಅತ್ತೂ ಹಾಸಿಗೆ ಹಿಡಿದಳು. ಅವಳಿಗೆ ಸಮಾಧಾನ ಹೇಳುವ ಕೆಲಸವೂ ಅವನ ಪಾಲಿಗೇ ಬಂತು. ಕೊನೆಗೆ ಫೋನ್ ಸ್ವಿಚ್ ಆಫ್ ಮಾಡಿದ.

ಎಷ್ಟೋ ತಿಂಗಳ ಮೇಲೆ ಸಿಕ್ಕಾಗ ಹೇಳಿದ್ದು ಇಷ್ಟೇ: "ಆವಾಗ ಬ್ಯಾಡ ಅಂದಿದ್ದೆ, ಅಂವ ಕೇಳಲಿಲ್ಲ. ಈಗ ನಿನಗ ಬ್ಯಾಡ ಅಂದೆ, ನೀನೂ ಕೇಳಲಿಲ್ಲ."

ನಾನು ಪ್ರೀತಿ ಅಂದುಕೊಂಡದ್ದು ಅವನ ಪಾಲಿಗೆ ಇನ್ನೊಂದು ಬಲವಂತವಾಗಿತ್ತು. ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ 1992ರ 'ಟ್ರಾಮಾ ಅಂಡ್ ರಿಕವರಿ' ಪುಸ್ತಕದಲ್ಲಿ ಚೇತರಿಕೆಯ ಹಂತಗಳನ್ನು ವಿವರಿಸಿದ್ದಾರೆ. ಮೊದಲು ಸುರಕ್ಷಿತ ಅನ್ನಿಸಬೇಕು. ನೆನಪುಗಳನ್ನು ಬಿಚ್ಚಿ ದುಃಖಿಸುವುದು ಆಮೇಲೆ. ಜನರ ಜೊತೆ ಮತ್ತೆ ಬೆರೆಯುವುದು ಅದರ ನಂತರ. ಎಲ್ಲದಕ್ಕೂ ತೀರ್ಮಾನ ನೊಂದವರದೇ. ನಾನು ಒಂದೇ ರಾತ್ರಿಯಲ್ಲಿ ಅವನ ಸುರಕ್ಷತೆ, ತೀರ್ಮಾನ ಎರಡನ್ನೂ ಕಿತ್ತುಕೊಂಡಿದ್ದೆ.

ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ಅಧ್ಯಯನ ನಡೆಸಿ 2007ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಹೇಳಿಕೊಂಡಿದ್ದರು. ಅವರಲ್ಲಿ ಹುಡುಗರೇ ತುಸು ಹೆಚ್ಚು. ಬಹುತೇಕರು ಅದುವರೆಗೆ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಯಾಕೆಂದು ತಿಳಿಯಲು ಅತ್ತೆಯ ಆ ಒಂದು ಪ್ರಶ್ನೆ ಸಾಕು.

"ಕೇಸು ಹಾಕು" ಎಂದೂ ಅವನ ಬೆನ್ನು ಹತ್ತಿದ್ದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. ಅದಕ್ಕೂ ಹಿಂದಿನ ಕೃತ್ಯಗಳಿಗೆ ಹಳೆಯ ಐಪಿಸಿಯೇ ಆಧಾರ. ವಕೀಲರನ್ನು ಕಾಣುವುದು, ಬಿಡುವುದು ಈಗ ಅವನಿಗೆ ಬಿಟ್ಟದ್ದು.

ಆದರೆ ಕಾಕಾನ ಮನೆಯಲ್ಲಿ ಮೊಮ್ಮಕ್ಕಳಿದ್ದರು. ಈಗಿನ ಮಗುವಿಗೆ ಅಂಥ ಅಪಾಯವಿದೆ ಎಂದು ಕಂಡರೆ ಪೊಲೀಸರಿಗೆ ತಿಳಿಸುವುದು ಪೋಕ್ಸೊ ಪ್ರಕಾರ ಎಲ್ಲರ ಹೊಣೆ; ಅಲ್ಲಿ ಗುಟ್ಟು ಕಾಯುವ ಮಾತಿಲ್ಲ. ಈ ಸಲ ಇದನ್ನು ಅವನ ಬೆನ್ನ ಹಿಂದೆ ಮಾಡದೆ ಅವನ ಮುಂದೆಯೇ ಎತ್ತಿದೆ. ಸುಮಾರು ಹೊತ್ತು ಸುಮ್ಮನಿದ್ದು, "ಮಕ್ಕಳ ಅವ್ವಗ ನಾನ ಹೇಳ್ತೀನಿ" ಅಂದ. ಹೇಳಿದ. ಅವಳು ಮಕ್ಕಳನ್ನು ಮುದುಕನ ಜೊತೆ ಬಿಡುವುದನ್ನು ನಿಲ್ಲಿಸಿದಳು.

ಈಗ ಅವನು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ ಬರುತ್ತಾನೆ. ಅಲ್ಲಿ ಏನು ಮಾತಾಯಿತು ಎಂದು ನಾನು ಕೇಳುವುದಿಲ್ಲ. ಮನಸ್ಸು ಬಂದರೆ ಅವನೇ ಹೇಳುತ್ತಾನೆ.

ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲಿಯೂ ಸಿಗುತ್ತದೆ. ನೊಂದವರಷ್ಟೇ ಅಲ್ಲ, ಅವರ ಮಾತು ಕೇಳಿ ತಳಮಳಗೊಂಡವರೂ ಕರೆ ಮಾಡಬಹುದು. ಆ ರಾತ್ರಿ ನಾನು ಫೋನ್ ಹಚ್ಚಬೇಕಾಗಿದ್ದದ್ದು ಕಾಕಾಗಲ್ಲ, ಇಂಥದ್ದೊಂದು ನಂಬರಿಗೆ.