ಕೊಟ್ಟಿಗೆಯಲ್ಲಿದ್ದ ಕೆಂಪು ಕಾರು

ಮದುವೆಯಾಗಿ ಮಾಗಡಿಯ ಮನೆಗೆ ಬಂದಾಗ ಕೊಟ್ಟಿಗೆಯ ಮೂಲೆಯಲ್ಲಿ ಒಂದು ಕೆಂಪು ಕಾರು ನಿಂತಿತ್ತು. ಮೇಲೆ ಸೂರಿಲ್ಲ, ಬಾಗಿಲಿಗೆ ಗಾಜಿಲ್ಲ, ಇಬ್ಬರಿಗಷ್ಟೇ ಜಾಗ. ಸೀಟಿನ ಮೇಲೆ ರಾಗಿಚೀಲ, ಚೀಲದ ಮೇಲೆ ಕೋಳಿ. “ಇದೆಂಥ ಕಾರು, ಮಳೆ ಬಂದ್ರೆ ಏನ್ಮಾಡೋದು?” ಅಂತ ನಾನು ನಕ್ಕರೆ ಅತ್ತೆಯವರು ಮಾತ್ರ ನಗುತ್ತಿರಲಿಲ್ಲ.

ಮಾವನವರು 1956ರಲ್ಲಿ ಕೊಡಗಿನ ಕಾಫಿತೋಟದ ದೊರೆಯೊಬ್ಬರಿಂದ ಅದನ್ನು ಕೊಂಡಿದ್ದರಂತೆ. 1958ರಲ್ಲಿ ಮದುವೆ. ಕನಕಪುರದ ತವರಿನಿಂದ ಅತ್ತೆಯವರನ್ನು ಅದರಲ್ಲೇ ಕರೆತಂದರಂತೆ. ರಾಮನಗರ ದಾಟುವಷ್ಟರಲ್ಲಿ ಮುಡಿದ ಮಲ್ಲಿಗೆಯೆಲ್ಲ ಉದುರಿ, ಮುಖದ ತುಂಬ ಕೆಂಧೂಳು. “ಮದುಮಗಳಾಗಿ ಹೊರಟೋಳು ಮಣ್ಣಿನ ಗೊಂಬೆಯಾಗಿ ಬಂದೆ ಕಣಮ್ಮ” ಅಂತ ಒಮ್ಮೆ ಹೇಳಿದ್ದರು.

ನನಗೋ ಕೊಟ್ಟಿಗೆ ಚೊಕ್ಕಟವಾಗಬೇಕಿತ್ತು. 2004ರಲ್ಲಿ ಗುಜರಿಯವನು ಬಂದಾಗ, ಕಾರಿನ ಪಕ್ಕ ಬಿದ್ದಿದ್ದ ಒಂದು ಗೋಣಿ ಹಳೇ ಸಾಮಾನು ಕೊಟ್ಟು ಎರಡು ಸ್ಟೀಲ್ ಡಬ್ಬಿ ತೆಗೆದುಕೊಂಡೆ. ಒಂದಕ್ಕೆ ಹುಳಿಪುಡಿ, ಇನ್ನೊಂದಕ್ಕೆ ಚಟ್ನಿಪುಡಿ. ಯಾರಿಗೂ ಹೇಳಲಿಲ್ಲ.

ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ‘ಪಯಣ’ ಮ್ಯೂಸಿಯಂ 2023ರಲ್ಲಿ ಶುರುವಾಯಿತಲ್ಲ, ಅದನ್ನು ನೋಡಿಬಂದ ಮೇಲೆ ನಮ್ಮವರಿಗೆ ಕೊಟ್ಟಿಗೆಯ ಕಾರು ನೆನಪಾಯಿತು. ಮಗಳ ಕಾಲೇಜು ಫೀಸಿನ ಚಿಂತೆಯೂ ಇತ್ತು. ಯಾರದೋ ಪರಿಚಯದಿಂದ ಬೆಂಗಳೂರಿನ ಸಂಗ್ರಾಹಕರೊಬ್ಬರು ಬಂದರು.

ಬಣ್ಣ ಹೋಗಿರುವುದನ್ನು ಅವರು ನೋಡಲೇ ಇಲ್ಲ. ಟಾರ್ಚು ಹಿಡಿದು ಇಂಜಿನ್ ನಂಬರು, ಛಾಸಿ ನಂಬರು ಹುಡುಕಿದರು. ಇದು ಎಂ.ಜಿ. ಟಿ.ಸಿ. ಅಂತೆ. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1945ರಿಂದ 1949ರವರೆಗೆ ತಯಾರಾಗಿದ್ದು ಸುಮಾರು 10,000 ಮಾತ್ರ. 1250 ಸಿ.ಸಿ. ಇಂಜಿನ್, 19 ಅಂಗುಲದ ಕಡ್ಡಿ ಚಕ್ರ, ಮುಂದಿನ ಗಾಜನ್ನು ಮಡಚಿ ಮಲಗಿಸಿದರೆ ಗಾಳಿ ನೇರ ಮುಖಕ್ಕೇ. ತಗಡಿನ ಒಳಗಿನ ಚೌಕಟ್ಟು ಪೂರಾ ಮರದ್ದು! “ಗೆದ್ದಲು ಹಿಡಿದಿರೋ ಮರ ಹೊಸದಾಗಿ ಮಾಡಿಸಬಹುದಮ್ಮ. ಆದರೆ ಕಾರಿನ ಜೊತೆ ಬಂದ ದೀಪ, ಹಾರನ್ನು ಎಲ್ಲಿ? ಮೊದಲಿನದು ಮೊದಲಿನ ಹಾಗೇ ಇದ್ದರೇ ಬೆಲೆ” ಅಂದರು.

ನನ್ನ ಎದೆ ಧಸಕ್ಕೆಂದಿತು. ಆ ಗೋಣಿ! ಅಳುತ್ತಾ ಎಲ್ಲರ ಮುಂದೆ ಒಪ್ಪಿಕೊಂಡೆ. ನಮ್ಮವರು ಸುಮ್ಮನೆ ಹೊರಗೆ ಹೋದರು. ಅತ್ತೆಯವರು ಒಳಗೆ ಹೋಗಿ ಟ್ರಂಕು ತೆಗೆದು, ಧಾರೆ ಸೀರೆಯ ಮಡಿಕೆಯಿಂದ ಒಂದು ಪುಸ್ತಕ ತಂದರು. ಕಾರಿನ ಆರ್.ಸಿ.! ಅದರಲ್ಲಿದ್ದ ನಂಬರುಗಳೂ ಕಾರಿನ ಮೇಲಿದ್ದವೂ ಒಂದೇ. ಸಂಗ್ರಾಹಕರ ಮುಖ ಅರಳಿತು. 50 ವರ್ಷ ದಾಟಿದ ಗಾಡಿಗಳಿಗಾಗಿ 2021ರಲ್ಲಿ ಬಂದ ನಿಯಮದಂತೆ, ಮೊದಲೇ ನೋಂದಾಯಿಸಿದ್ದು ಹಳೇ ನಂಬರನ್ನೇ ಉಳಿಸಿಕೊಳ್ಳಬಹುದಂತೆ.

“ದೀಪ ಹೋದರೆ ಹೋಗಲಿ. ಆ ಡಬ್ಬಿ ಹುಳಿಪುಡಿ ಇಪ್ಪತ್ತು ವರ್ಷ ನಾವೇ ತಿಂದಿಲ್ವೆ?” ಅಂದರು ಅತ್ತೆಯವರು. ಆಮೇಲೆ ಸಂಗ್ರಾಹಕರ ಕಡೆ ತಿರುಗಿ, “ಕಾರು ಮೊಮ್ಮಗಳ ಓದಿಗೆ ಆಗಲಿ. ಓಡೋ ಹಾಗಾದಾಗ ಒಂದ್ಸಲ ತರಬೇಕು” ಅಂತ ಮಾತು ತೆಗೆದುಕೊಂಡರು.

2025ರ ದೀಪಾವಳಿ ಹೊತ್ತಿಗೆ ಅವರು ಮಾತು ಉಳಿಸಿಕೊಂಡರು. ಎಂಬತ್ತೈದರ ಅತ್ತೆಯವರು ಈ ಸಲ ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿ ಕೂತರು. ಸಾವನದುರ್ಗದ ದಾರಿಯಲ್ಲಿ ಒಂದು ಸುತ್ತು. ಇಳಿದಾಗ ಕಣ್ಣಲ್ಲಿ ನೀರು. “ಧೂಳು ಕಣೇ” ಅಂದರು. ರಸ್ತೆಗೆ ಟಾರು ಬಿದ್ದು ಎಷ್ಟೋ ವರ್ಷವಾಗಿದೆ. ನಾನು ಏನೂ ಹೇಳಲಿಲ್ಲ.

ಸೋದರಿಯರೇ, ಗುಜರಿಯವನನ್ನು ಕರೆಯುವ ಮುಂಚೆ ಮನೆಯ ಹಿರಿಯರನ್ನು ಒಂದು ಮಾತು ಕೇಳಿ. ಹಳೇ ಕಾಗದಪತ್ರ ಒಲೆಗೆ ಹಾಕಬೇಡಿ. ಆ ಎರಡು ಡಬ್ಬಿ ಈಗಲೂ ನನ್ನ ಅಡಿಗೆಮನೆಯಲ್ಲಿವೆ. ಮುಚ್ಚಳ ತೆಗೆದಾಗಲೆಲ್ಲ ಆ ಗೋಣಿ ನೆನಪಾಗುತ್ತದೆ.