ಸೀನರಿ ಅಲ್ಲ ಮಗಾ, ದಾರಿ!

ಗಾಂಧಿನಗರದಲ್ಲಿ ಈಗ ಯಾರನ್ನು ಕೇಳಿ, ಒಂದೇ ಜಪ... 'ಕರಾವಳಿ'! 2014ರಲ್ಲಿ 'ಉಳಿದವರು ಕಂಡಂತೆ' ಮಲ್ಪೆಯನ್ನು ತೋರಿಸಿತು. 2022ರಲ್ಲಿ 'ಕಾಂತಾರ' ಕುಂದಾಪುರ ಕಡೆಯ ಕೆರಾಡಿಯ ಕಾಡನ್ನು ದೇಶಕ್ಕೇ ತೋರಿಸಿತು. ಇನ್ನು ಕೇಳಬೇಕೆ? ಆ ಸೀಮೆಯಲ್ಲೇ ಹುಟ್ಟಿದ ನಾನು ಸುಮ್ಮನಿರುವುದುಂಟೆ? ಲೊಕೇಶನ್‌ಗಳ ಮೇಲೊಂದು ಲೇಖನ ಬರೆದೇಬಿಡೋಣ ಅಂತ ಗೆಳೆಯನ ಹಳೇ ಮಾರುತಿ 800 ಇಸಕೊಂಡು ಕುಂದಾಪುರದಿಂದ ಕಾರವಾರಕ್ಕೆ ಹೊರಟೆ.

ಪಕ್ಕದ ಸೀಟಿನಲ್ಲಿ ನನ್ನ ಸೋದರಮಾವ. ಮೂವತ್ತು ವರ್ಷ ಇದೇ ದಾರಿಯಲ್ಲಿ ಲಾರಿ ಓಡಿಸಿದ ಆಸಾಮಿ. ಈ ಹೆದ್ದಾರಿಗೆ 17 ಅಂತ ನಂಬರಿದ್ದಾಗಲೂ ಓಡಿಸಿದರು, 66 ಆದ ಮೇಲೂ ಓಡಿಸಿದರು. ನಾನು ಪಿಯುಸಿಗೆ ಅರ್ಧದಲ್ಲೇ ಕೈಮುಗಿದು ಸಿನಿಮಾ ಅಂತ ಬೆಂಗಳೂರು ಬಸ್ಸು ಹತ್ತಿದ ದಿನ ಮನೆಯವರೆಲ್ಲಾ ಬೈದರು. ಜೇಬಿಗೆ ಐನೂರು ರೂಪಾಯಿ ತುರುಕಿದವರು ಮಾವ ಒಬ್ಬರೇ.

ಮರವಂತೆ ಬಂತು. ಅಬ್ಬಾ! ಎಡಗಡೆ ಅರಬ್ಬಿ ಸಮುದ್ರ, ಬಲಗಡೆ ಸೌಪರ್ಣಿಕಾ ನದಿ, ನಡುವೆ ನಮ್ಮ ಕಾರು. ನಾಯಕ, ನಾಯಕಿ, ಒಂದು ಡ್ಯೂಯೆಟ್ಟು... ಕಣ್ಣಲ್ಲೇ ಕ್ಯಾಮರಾ ಇಟ್ಟುಬಿಟ್ಟೆ. "ಎಂಥಾ ಸೀನರಿ ಅಲ್ವಾ ಮಾವ?" ಅಂದೆ. ಮಾವ ಸಮುದ್ರದ ಕಡೆ ತಿರುಗಿಯೂ ನೋಡಲಿಲ್ಲ.

"ನಿಂಗೆ ಅದ್ ಸೀನರಿ ಮಗಾ, ನಮ್ಗೆ ಅದ್ ದಾರಿ."

ಭಟ್ಕಳ ಹೋಯ್ತು. ಮುರುಡೇಶ್ವರದ 123 ಅಡಿಯ ಶಿವನಿಗೆ ಕಾರಲ್ಲೇ ನಮಸ್ಕಾರ ಹಾಕಿದ್ದಾಯ್ತು. ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟುವಾಗ ಮಾವ ಮತ್ತೊಮ್ಮೆ ಹಣೆಗೆ ಕೈ ಮುಟ್ಟಿಸಿಕೊಂಡರು. ಯಾವ ದೇವಸ್ಥಾನವಪ್ಪಾ ಅಂತ ಅತ್ತಿತ್ತ ನೋಡಿದೆ. "ಶಂಕ್ರಣ್ಣ ಹುಟ್ಟಿದ್ ಸೀಮಿ" ಅಂದರು. ಹೌದಲ್ಲ! ಶಂಕರ್‌ನಾಗ್ ಹುಟ್ಟಿದ್ದು ಇದೇ ಹೊನ್ನಾವರ ತಾಲೂಕಿನ ಮಲ್ಲಾಪುರದಲ್ಲಿ. 1980ರ 'ಆಟೋ ರಾಜ'ದಿಂದ ಸ್ಟೇರಿಂಗ್ ಹಿಡಿದವರಿಗೆಲ್ಲಾ ದೇವರಾದವರು. 1985ರಲ್ಲಿ 'ಆಕ್ಸಿಡೆಂಟ್' ಅಂತ ಸಿನಿಮಾ ತೆಗೆದವರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ, ಹೆದ್ದಾರಿ ಮೇಲೇ ಹೋಗಿಬಿಟ್ಟರು. 35 ವರ್ಷ, ಅಷ್ಟೇ.

ಕುಮಟಾ ದಾಟಿದ ಮೇಲೆ ಮಾವನ ಮಾತು ನಿಂತುಹೋಯಿತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಗಂಗಾವಳಿ ನದಿ. ಹಸಿರು ಅಂದರೆ ಹಸಿರು! ನಾನು ಬ್ರೇಕಿನ ಮೇಲೆ ಕಾಲಿಟ್ಟೆ. "ನಿಲ್ಸ್‌ಬೇಡ, ಮುಂದ್ ಹೋಪ" ಅಂದರು. ಆಮೇಲೆ ಗೊತ್ತಾಯಿತು, ಇದು ಶಿರೂರು.

ಗೆಳೆಯರೇ, ಇಲ್ಲಿ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು.

ಈ ಹೆದ್ದಾರಿ ಮೇಲೆ ಎರಡು ಶಿರೂರುಗಳಿವೆ. ಒಂದು ಬೈಂದೂರಿನದು, ಇನ್ನೊಂದು ಅಂಕೋಲದ್ದು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲದ ಶಿರೂರಿನ ಗುಡ್ಡ ಜಾರಿ ರಸ್ತೆ ಮೇಲೆ ಬಿತ್ತು. ರಸ್ತೆ ಬದಿಯ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಚಹಾಕ್ಕೆಂದು ನಿಂತವರು... ಮಣ್ಣು ಎಲ್ಲವನ್ನೂ ನದಿಗೆ ದೂಡಿತು. ನದಿಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಒಂದು ಲಾರಿಯಂತೂ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ, ನದಿಯ ತಳದಲ್ಲಿ. ಚಾಲಕನ ದೇಹ ಕ್ಯಾಬಿನ್ನಿನಲ್ಲೇ ಇತ್ತು.

ಆ ದಿನ ಮಾವ ಗೋವಾದಿಂದ ಲೋಡು ತರುತ್ತಿದ್ದರು. ಅದು ನನಗೆ ಗೊತ್ತಿತ್ತು. ನಾನೊಂದು ಶೂಟಿಂಗಿನಲ್ಲಿದ್ದೆ. ಮೊಬೈಲಿನಲ್ಲಿ ಸುದ್ದಿ ಬಂತು. 'ಸಂಜೆ ಫೋನ್ ಮಾಡಿದರಾಯ್ತು' ಅಂದುಕೊಂಡೆ, ಏಕೆಂದರೆ ಹೀರೋ ಎಂಟ್ರಿಯ ಶಾಟ್ ನಡೆಯುತ್ತಿತ್ತು! ಸಂಜೆ ಮರೆತೆ. ಮರುದಿನವೂ ಮಾಡಲಿಲ್ಲ. ಮೂರನೇ ದಿನ ಅಮ್ಮನೇ ಫೋನ್ ಮಾಡಿ, "ನಿನ್ ಮಾವ ಬದುಕಿದ್ದಾರಾ ಇಲ್ವಾ ಅಂತಾದ್ರೂ ಕೇಳ್ದೆಯಾ?" ಅಂದಳು. ಟಯರ್ ಪಂಕ್ಚರ್ ಆಗಿ ಅಂಕೋಲದ ಆಚೆಯೇ ನಿಂತಿದ್ದರಂತೆ. ಆ ವರ್ಷವೇ ಅವರು ಲಾರಿ ಬಿಟ್ಟರು.

ಸ್ವಲ್ಪ ಮುಂದೆ, ಬಯಲಿದ್ದ ಕಡೆ ಮಾವನೇ ಕಾರು ನಿಲ್ಲಿಸಲು ಹೇಳಿದರು. ಹಿಂದೆ ತಿರುಗಿ ಕೈ ತೋರಿಸಿದರು. "ರಸ್ತೆ ಅಗಲ ಮಾಡುಕೆ ಗುಡ್ಡಿ ಬುಡ ಕಡ್ದಿದ್ರ್ ಕಾಣ್. ಬುಡ ಇಲ್ದಿದ್ ಗುಡ್ಡಿ ಮಳಿನೀರ್ ಕುಡ್ದ್ರೆ ಎಷ್ಟ್ ಹೊತ್ತ್ ನಿಲ್ಲತ್ತ್?" ಆ ಅಂಗಡಿಯಲ್ಲಿ ಎಷ್ಟೋ ಸಲ ಚಹಾ ಕುಡಿದಿದ್ದರಂತೆ. ಇಷ್ಟು ದಿನ ಒಂದು ಸಲವೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ಮಾವ, ಆ ದಿನ ಫೋನ್ ಮಾಡ್ಲಿಲ್ಲ ನಾನು..." ಅಂದೆ. ಗಂಟಲು ಕಟ್ಟಿತು.

"ಗೊತ್ತಿತ್ತ್ ಮಾರಾಯ, ನಿಂಗೆ ಶೂಟಿಂಗ್" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಕಾರವಾರದಲ್ಲಿ ಕಾಳಿ ನದಿ ಮುಟ್ಟಿದಾಗ ಸಂಜೆ. ಅದೇ ವರ್ಷ ಆಗಸ್ಟ್ 7ರ ರಾತ್ರಿ ಇಲ್ಲಿಯ ಹಳೇ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಆ ಚಾಲಕನನ್ನು ಮಾತ್ರ ಜೀವಂತ ಎತ್ತಿದರು. ಮಾವ ಕಾರಿನಿಂದಿಳಿದು ಬಹಳ ಹೊತ್ತು ನೀರು ನೋಡುತ್ತಾ ನಿಂತರು. ಸೂರ್ಯ ಮುಳುಗುತ್ತಿದ್ದ. ಒಳ್ಳೇ ಫ್ರೇಮು! ಆದರೆ ನಾನು ಫೋಟೋ ತೆಗೆಯಲಿಲ್ಲ. ಪಕ್ಕದಲ್ಲಿ ಹೋಗಿ ನಿಂತೆ.

ಲೊಕೇಶನ್ ಲೇಖನ ಹಾಗೇ ಉಳಿಯಿತು, ಸಂಪಾದಕರು ಕ್ಷಮಿಸಬೇಕು. ನೀವೂ ಆ ದಾರಿಯಲ್ಲಿ ಕಾರು ತಗೊಂಡು ಹೋಗಿ ಬನ್ನಿ, ಖಂಡಿತ ಹೋಗಿ. ಮಳೆಗಾಲದಲ್ಲಿ ಕಡಿದ ಗುಡ್ಡದ ಬುಡದಲ್ಲಿ ಮಾತ್ರ ಸೆಲ್ಫಿಗೆ ನಿಲ್ಲಬೇಡಿ. ಚಹಾದಂಗಡಿ ಕಂಡರೆ ಕೂತು ಎರಡು ಮಾತಾಡಿ. ಮತ್ತೆ, ನಿಮ್ಮ ಮನೆಯಲ್ಲೂ ಸ್ಟೇರಿಂಗ್ ಹಿಡಿದು ದುಡಿಯುವವರು ಯಾರಾದರೂ ಇದ್ದರೆ, ಈ ಪುಟ ಮಗುಚುವ ಮೊದಲು ಒಂದು ಫೋನ್ ಮಾಡಿ. ಹೀರೋ ಎಂಟ್ರಿ ಆಮೇಲೆ ನೋಡಿದರಾಯ್ತು.